ಹೆಂಚು ಎಣಿಸುತ್ತಾ ಕೂತ ಹುಡುಗಿ

ನಮ್ಮೂರ ಸರ್ಕಾರಿ ಶಾಲೆಯ ನಲಿಕಲಿ ಕೋಣೆಗೆ ಒಟ್ಟು 924 ಹೆಂಚು. ಅದರಲ್ಲಿ ನಾಲ್ಕು ಗಾಜಿನವು. ನನಗೆ ಹೇಗೆ ಗೊತ್ತು ಅಂದರೆ, ಮಗಳು ಎಣಿಸಿದ್ದಾಳೆ. ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಅವಲಕ್ಕಿ ತಿನ್ನುತ್ತಾ ಹೇಳಿದಳು. ಒಂದೊಂದಾಗಿ ಎಣಿಸಿದ್ದಲ್ಲವಂತೆ. ಅಡ್ಡಕ್ಕೆ ಒಂದು ಸಾಲು ಎಣಿಸಿದಳು, 33 ಬಂತು. ಕೆಳಗಿನಿಂದ ಮೇಲಕ್ಕೆ ಎಣಿಸಿದಳು, 14 ಬಂತು. ಹತ್ತು ಸಲ 33 ಅಂದರೆ 330, ಇನ್ನು ನಾಲ್ಕು ಸಲ ಅಂದರೆ 132, ಕೂಡಿದರೆ 462. ಆ ಕಡೆಯ ಇಳಿಜಾರೂ ಇಷ್ಟೇ ಅಲ್ವಾ, ಅದಕ್ಕೆ ಡಬಲ್. ಗುಣಾಕಾರವನ್ನು ಈ ಮಟ್ಟದಲ್ಲಿ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಕ್ಷಣಕ್ಕೆ ಹೆಮ್ಮೆಯೇ ಆಯಿತು. ಫೋನ್ ತೆಗೆದು ತಂಗಿಗೂ ಹೇಳಿದೆ. ರಾತ್ರಿ ಮಲಗಿದಾಗ ಮಾತ್ರ ತಲೆಗೆ ಹೊಳೆದಿದ್ದು, ಶಾಲೆಯಲ್ಲಿ ಕೂತು ಹೆಂಚು ಎಣಿಸುವಷ್ಟು ಹೊತ್ತು ಇವಳಿಗೆ ಎಲ್ಲಿಂದ ಸಿಕ್ಕಿತು ಅಂತ. ಬೆಳಿಗ್ಗೆ ಜಡೆ ಹಾಕುವಾಗ ಕೇಳಿದೆ.

"ಲೆಕ್ಕ ಮುಗಿದ ಮೇಲೆ ಸುಮ್ನೆ ಕೂತಿರ್ತೀನಲ್ಲ ಅಮ್ಮ, ಆಗ."

ಆ "ಸುಮ್ನೆ ಕೂತಿರ್ತೀನಲ್ಲ" ಅನ್ನುವ ಮಾತು ನನ್ನನ್ನು ಬಿಡಲೇ ಇಲ್ಲ. ಈ ಬರಹ ಅದರ ಬಗ್ಗೆ. ಲೆಕ್ಕದಲ್ಲಿ ತುಂಬಾ ಮುಂದಿರುವ ಮಗು ಇದೆ, ಏನು ಮಾಡಬೇಕೋ ತೋಚುತ್ತಿಲ್ಲ ಅಂತ ನನ್ನಂತೆಯೇ ಹಳ್ಳಿಯಲ್ಲಿ ಕೂತು ಯೋಚಿಸುತ್ತಿರುವ ಯಾರಿಗಾದರೂ ಉಪಯೋಗವಾಗಬಹುದು ಅಂತ ಬರೆಯುತ್ತಿದ್ದೇನೆ.

ನಾವು ಇರುವುದು ತೀರ್ಥಹಳ್ಳಿ ಕಡೆ, ಟಾರು ರಸ್ತೆಯಿಂದ ಒಳಗೆ. ಎರಡು ಎಕರೆ ಅಡಿಕೆ ತೋಟ, ಸ್ವಲ್ಪ ಗದ್ದೆ. ನಾನು ಬಿ.ಕಾಂ. ಓದಿ ಸೊಸೈಟಿಯಲ್ಲಿ ಗುಮಾಸ್ತೆ ಕೆಲಸ ಮಾಡುತ್ತೇನೆ. ಕೂಡು, ಕಳೆ, ಬಡ್ಡಿ, ಇಷ್ಟು ನನಗೆ ಬರುತ್ತದೆ. ಗಣಿತ ಅಂತ ಕರೆಯುವ ದೊಡ್ಡ ವಿಷಯ ನಮ್ಮ ಮನೆಯಲ್ಲಿ ಯಾರೂ ಓದಿಲ್ಲ.

ಪುಟ್ಟಿಯ ಲೆಕ್ಕ ಮೊದಲು ಕಂಡಿದ್ದು ಅಡಿಕೆ ಸುಲಿಯುವ ಅಂಗಳದಲ್ಲಿ. ಆಗ ಅವಳಿಗೆ ಐದು ತುಂಬಿತ್ತು. ಸಂಜೆ ಸುಲಿಯುವವರು ಮೆಟ್ಟುಗತ್ತಿ ಬಿಟ್ಟು ಏಳುವಾಗ ಯಾರದು ಎಷ್ಟು ಡಬ್ಬ ಅಂತ ಬರೆದುಕೊಳ್ಳುವ ಕೆಲಸ ನನ್ನದು. ಆರೂವರೆ, ಎಂಟು, ಐದೂವರೆ, ಒಂಬತ್ತು, ಏಳು. ನಾನು ಪೆನ್ನು ಹಿಡಿಯುವಷ್ಟರಲ್ಲಿ ಪಕ್ಕದಲ್ಲಿ ಸಿಪ್ಪೆ ರಾಶಿಯ ಮೇಲೆ ಆಡುತ್ತಿದ್ದವಳು "ಮೂವತ್ತಾರು" ಅಂದಳು. ಹೇಗೆ ಅಂತ ಕೇಳಿದರೆ, "ಎರಡು ಅರ್ಧ ಇತ್ತಲ್ಲ, ಅದನ್ನ ಮೊದಲು ಜೋಡಿ ಮಾಡಿದೆ." ಬೇಗ ಹೇಳಿದ್ದಕ್ಕಿಂತ ಈ ಜೋಡಿ ಮಾಡುವ ಬುದ್ಧಿ ನನಗೆ ಆಶ್ಚರ್ಯ ತಂದಿತು. ಆಮೇಲೆ ಪ್ರಶ್ನೆಗಳು ಶುರುವಾದವು. ಸೊನ್ನೆ ಸಮಸಂಖ್ಯೆಯಾ? ಒಂದು ಹಲಸಿನ ತೊಳೆಯನ್ನ ಅರ್ಧ ಮಾಡಿ, ಅರ್ಧದ ಅರ್ಧ ಮಾಡಿ, ಹಾಗೇ ಮಾಡುತ್ತಾ ಹೋದರೆ ಯಾವತ್ತಾದರೂ ಮುಗಿಯುತ್ತಾ? ಬಸ್ಸಿನಲ್ಲಿ ನಿಂತುಕೊಂಡು ಇದನ್ನು ಕೇಳಿದರೆ ಏನು ಉತ್ತರ ಕೊಡುವುದು?

ಆದರೆ ನೆಂಟರಿಗೆ ಈ ಪ್ರಶ್ನೆಗಳು ಕಾಣಲಿಲ್ಲ, ವೇಗ ಮಾತ್ರ ಕಂಡಿತು. "ನಿಮ್ಮ ಮಗಳು ಇನ್ನೊಬ್ಬ ಶಕುಂತಲಾದೇವಿ ಕಣೇ" ಅಂತ ಶುರು ಮಾಡಿದರು. ಶಕುಂತಲಾದೇವಿ 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದರು. ಬೆಂಗಳೂರಲ್ಲಿ ಹುಟ್ಟಿದ ಆ ಹೆಣ್ಣುಮಗಳ ಬಗ್ಗೆ ನನಗೂ ಬಹಳ ಗೌರವ. ಆದರೆ ಬಾಯಿಲೆಕ್ಕದ ವೇಗ ಒಂದು, ಲೆಕ್ಕದ ಬಗ್ಗೆ ಯೋಚಿಸುವುದು ಇನ್ನೊಂದು. ಎರಡೂ ಒಬ್ಬರಲ್ಲೇ ಇರಬಹುದು, ಇರದೆಯೂ ಇರಬಹುದು. ನಮ್ಮವಳು ನಿಜ ಹೇಳಬೇಕೆಂದರೆ ಅಷ್ಟೇನೂ ವೇಗದವಳಲ್ಲ. ಯೋಚಿಸುತ್ತಾ ಯೋಚಿಸುತ್ತಾ ಅನ್ನ ಆರಿಸಿಕೊಳ್ಳುವವಳು.

ಒಂದು ಮದುವೆ ಮನೆಯಲ್ಲಿ ಏನಾಯಿತು ಅಂತ ಹೇಳಲೇಬೇಕು. ಊಟಕ್ಕೆ ಮುಂಚೆ ದೊಡ್ಡವರೊಬ್ಬರು ಅವಳನ್ನು ನಿಲ್ಲಿಸಿಕೊಂಡು "ಹದಿನಾಲ್ಕು ಹದಿನೇಳ್ಲ ಎಷ್ಟು, ಹೇಳು ನೋಡೋಣ" ಅಂದರು. ಹೇಳಿದಳು. ಇನ್ನೊಂದು ಕೇಳಿದರು. ಅದನ್ನೂ ಹೇಳಿದಳು. ಸುತ್ತ ಜನ ಸೇರಿದರು. ಐದಾರು ಸರಿ ಹೇಳಿದ ಮೇಲೆ ಒಂದು ತಪ್ಪಿತು. ಎಲ್ಲರೂ ನಕ್ಕರು. ಪ್ರೀತಿಯಿಂದಲೇ ನಕ್ಕಿದ್ದು, ನನಗೆ ಗೊತ್ತು. ಅವಳು ಮಾತ್ರ ನನ್ನ ಸೀರೆ ಸೆರಗಿನೊಳಗೆ ಮುಖ ಇಟ್ಟುಕೊಂಡವಳು ಪಂಕ್ತಿಯಲ್ಲಿ ಪಾಯಸ ಬಂದರೂ ತಲೆ ಎತ್ತಲಿಲ್ಲ. ಮನೆಗೆ ಬಂದು ಎರಡು ವಾರ ಯಾರು ಏನು ಲೆಕ್ಕ ಕೇಳಿದರೂ "ಗೊತ್ತಿಲ್ಲ" ಅಂದಳು. ಅವತ್ತಿನಿಂದ ಮನೆಯಲ್ಲಿ ಒಂದು ನಿಯಮ. ನೆಂಟರ ಮುಂದೆ ಲೆಕ್ಕ ಕೇಳಬಾರದು. ಹಾಡು ಬರುವ ಮಗುವಿಗೆ ಹಾಡು ಅಂತೀರಲ್ಲ ಅಂತ ಕೆಲವರು ಕೇಳಿದ್ದಾರೆ. ಹಾಡಿದ ಮಗುವಿಗೆ "ತಪ್ಪು" ಅಂತ ಯಾರೂ ಹೇಳುವುದಿಲ್ಲ.

ನಾನು ಮಾಡಿದ ತಪ್ಪುಗಳೂ ಇವೆ. ಹೆಂಚಿನ ವಿಷಯ ಗೊತ್ತಾದ ಮೇಲೆ ಮೊದಲು ಮಾಡಿದ್ದು ಮೂರನೇ, ನಾಲ್ಕನೇ ಕ್ಲಾಸಿನ ಗಣಿತ ಪುಸ್ತಕ ತಂದಿದ್ದು. ದಿನಾ ಸಂಜೆ ಒಂದೊಂದು ಪುಟ. ಎರಡು ತಿಂಗಳಲ್ಲಿ ಎರಡೂ ಪುಸ್ತಕ ಮುಗಿದವು. ನನಗೆ ಖುಷಿ. ಫಲ ಏನಾಯಿತು ಅಂದರೆ, ಮೊದಲು ಎರಡನೇ ಕ್ಲಾಸಿನಲ್ಲಿ ಮಾತ್ರ ಸುಮ್ನೆ ಕೂರಬೇಕಿತ್ತು, ಈಗ ಇನ್ನೂ ಎರಡು ವರ್ಷ ಸುಮ್ನೆ ಕೂರುವುದಕ್ಕೆ ನಾನೇ ವ್ಯವಸ್ಥೆ ಮಾಡಿಕೊಟ್ಟ ಹಾಗಾಯಿತು. ಆಮೇಲೆ ಪೇಟೆಯಲ್ಲಿ ಒಂದು ಅಬ್ಯಾಕಸ್ ಕ್ಲಾಸಿಗೆ ಸೇರಿಸಿದೆ. ಆರು ತಿಂಗಳು ಹೋದಳು. ಬೆರಳು ಓಡಿತು, ಸರ್ಟಿಫಿಕೇಟೂ ಬಂತು. "ಅಲ್ಲಿ ಯೋಚನೆ ಮಾಡೋಕೆ ಬಿಡಲ್ಲ ಅಮ್ಮ, ಟೈಮ್ ಆಯ್ತು ಅಂತಾರೆ" ಅಂದಳು ಒಂದು ದಿನ. ಬಿಡಿಸಿದೆ. ಕೆಲವು ಮಕ್ಕಳಿಗೆ ಅದು ಒಳ್ಳೆಯದೇ ಇರಬಹುದು, ಲೆಕ್ಕ ಅಂದರೆ ಹೆದರುವ ಮಕ್ಕಳಿಗೆ ಧೈರ್ಯ ಬಂದಿದ್ದನ್ನು ಅಲ್ಲಿ ಕಣ್ಣಾರೆ ನೋಡಿದ್ದೇನೆ. ಇವಳಿಗೆ ಬೇಕಾಗಿದ್ದು ಅದಲ್ಲ. ಒಂದು ಇಂಗ್ಲಿಷ್ ಮೀಡಿಯಂ ಶಾಲೆಯನ್ನೂ ನೋಡಿಬಂದೆವು. ಬೇಗ ಮುಗಿಸುವ ಮಕ್ಕಳಿಗೆ ನಿಮ್ಮಲ್ಲಿ ಏನು ಮಾಡ್ತೀರಿ ಅಂತ ಕೇಳಿದ್ದಕ್ಕೆ "ಇನ್ನೂ ಐವತ್ತು ಲೆಕ್ಕ ಕೊಡ್ತೀವಿ" ಅಂದರು. ಸುಲಭದ ಲೆಕ್ಕ ಮಾಡಿ ಮುಗಿಸಿದ್ದಕ್ಕೆ ಅದೇ ಸುಲಭದ ಲೆಕ್ಕ ಇನ್ನೂ ಐವತ್ತು! ಮಗು ಆಮೇಲೆ ನಿಧಾನಕ್ಕೆ ಮಾಡುವುದನ್ನು ಕಲಿಯುತ್ತದೆ ಅಷ್ಟೇ. ವಾಪಸ್ ಬಂದೆವು.

ಕೊನೆಗೆ ಊರಿನ ಶಾಲೆಗೇ ಹೋದೆ. ಸ್ವಲ್ಪ ಸಿಟ್ಟಿನಲ್ಲೇ ಹೋಗಿದ್ದೆ. ಟೀಚರ್ "ಕೂತ್ಕೊಳ್ಳಿ, ಇದೊಂದು ಮುಗಿಸಿ ಬರ್ತೀನಿ" ಅಂದರು. ಅರ್ಧ ಗಂಟೆ ಕೋಣೆಯ ಮೂಲೆಯಲ್ಲಿ ಕೂತಿದ್ದೆ. ಆ ಅರ್ಧ ಗಂಟೆಯಲ್ಲಿ ನನ್ನ ಸಿಟ್ಟು ಇಳಿಯಿತು.

ನಲಿಕಲಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಇದು. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಪಾಠಗಳು ಕಾರ್ಡಿನ ರೂಪದಲ್ಲಿ ಇರುತ್ತವೆ, ಗೋಡೆಯ ಮೇಲೆ ಕಲಿಕಾ ಏಣಿ. ಮಗು ತಾನು ಯಾವ ಮೆಟ್ಟಿಲಲ್ಲಿದೆ ಅಂತ ತಾನೇ ನೋಡಿ ಕಾರ್ಡ್ ತೆಗೆದುಕೊಳ್ಳಬೇಕು. ತಟ್ಟೆ ಅಂತ ಕರೆಯುವ ಗುಂಪುಗಳಿರುತ್ತವೆ. ಒಂದು ತಟ್ಟೆಯಲ್ಲಿ ಟೀಚರ್ ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಗೆಳೆಯರು ಸಹಾಯ ಮಾಡುತ್ತಾರೆ, ಸ್ವಕಲಿಕೆಯ ತಟ್ಟೆಯಲ್ಲಿ ಮಗು ತಾನೇ ಕಲಿಯುತ್ತದೆ. ಅಂದರೆ ಪ್ರತಿ ಮಗು ತನ್ನ ವೇಗದಲ್ಲಿ ಹತ್ತಲಿ ಅನ್ನುವುದೇ ಇದರ ಮೂಲ ಆಸೆ. ನಮ್ಮಂಥ ಮಗುವಿಗೆ ಇದಕ್ಕಿಂತ ಒಳ್ಳೆಯ ಪದ್ಧತಿ ಯಾವುದಿದೆ ಹೇಳಿ?

ಆದರೆ ಕೋಣೆಯಲ್ಲಿ 27 ಮಕ್ಕಳು, ಟೀಚರ್ ಒಬ್ಬರೇ. ಒಂದು ಮಗು ಮೂಗು ಒರೆಸಿಕೊಳ್ಳುತ್ತಾ ಅಳುತ್ತಿತ್ತು, ಇನ್ನೊಂದಕ್ಕೆ ಸ್ಲೇಟು ಇರಲಿಲ್ಲ, ಬಿಸಿಯೂಟದ ಅಕ್ಕಿಯ ವಿಷಯಕ್ಕೆ ಯಾರೋ ಬಾಗಿಲಲ್ಲಿ ನಿಂತಿದ್ದರು. ನಮ್ಮವಳು ಗಣಿತದ ಏಣಿಯನ್ನು ದಸರಾ ರಜಕ್ಕೆ ಮುಂಚೆಯೇ ಹತ್ತಿ ಮುಗಿಸಿದ್ದಳು. ಆಮೇಲೆ ಅವಳಿಗೆ ಕೊಟ್ಟ ಕೆಲಸ ಬೇರೆ ಮಕ್ಕಳಿಗೆ ಹೇಳಿಕೊಡುವುದು. ಅದು ಬೇಸರವಾದಾಗ ಹೆಂಚು.

"ನನಗೂ ಗೊತ್ತು," ಅಂದರು ಟೀಚರ್. "ಆದರೆ ಅಕ್ಷರವೇ ಕೂಡಿಸೋಕೆ ಬಾರದ ಆರು ಮಕ್ಕಳಿದ್ದಾರೆ. ಮೊದಲು ಅವರನ್ನ ನೋಡಬೇಕಲ್ವಾ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಹೇಳಿದ್ದು ಸರಿಯೇ. ಅವರ ಮುಂದಿನ ಮಾತು ಇನ್ನೂ ಮುಖ್ಯವಾದದ್ದು. "ನಿಮ್ಮ ಮಗಳು ಲೆಕ್ಕದಲ್ಲಿ ಐದನೇ ಕ್ಲಾಸು. ಬರವಣಿಗೆಯಲ್ಲಿ ಒಂದನೇ ಕ್ಲಾಸು, ಒತ್ತಕ್ಷರ ಎಲ್ಲಾ ತಪ್ಪು. ಆಟದಲ್ಲಿ ಸೋತರೆ ಮಾತ್ರ ಅಂಗನವಾಡಿ." ಮನೆಯಲ್ಲಿ ಇಷ್ಟು ದಿನ ನಾವು ಮೊದಲನೆಯದನ್ನು ಮಾತ್ರ ನೋಡಿದ್ದೆವು. ಒಂದೇ ಮಗುವಿನಲ್ಲಿ ಮೂರು ವಯಸ್ಸು ಒಟ್ಟಿಗೆ ಇರುತ್ತದೆ ಅಂತ ಆ ಟೀಚರ್ ನನಗೆ ಕಾಣಿಸಿಕೊಟ್ಟರು. ಇಂಥ ಮಕ್ಕಳಲ್ಲಿ ಇದು ಸಾಮಾನ್ಯ ಅಂತ ಆಮೇಲೆ ಓದಿ ತಿಳಿದುಕೊಂಡೆ. ತಲೆ ಓಡಿದಷ್ಟು ಕೈ ಓಡುವುದಿಲ್ಲ, ಮನಸ್ಸು ಎರಡಕ್ಕಿಂತ ಹಿಂದೆ.

ಎರಡು ಕ್ಲಾಸ್ ಹಾರಿಸಿಬಿಡಿ ಅಂತ ಹೇಳುವವರು ಬಹಳ ಜನ ಇದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆ ವಯಸ್ಸಿಗೆ ತಕ್ಕ ತರಗತಿ ಅನ್ನುತ್ತದೆ. ಆದರೆ ನಾನು ಬೇಡ ಅಂದಿದ್ದಕ್ಕೆ ಕಾಯ್ದೆ ಕಾರಣ ಅಲ್ಲ. ಏಳು ವರ್ಷದ ಮಗು ಒಂಬತ್ತು ವರ್ಷದವರ ಜೊತೆ ಕಬಡ್ಡಿಗೆ ಇಳಿದರೆ ಏನಾಗುತ್ತದೆ? ಅವಳಿಗಿದ್ದ ಇಬ್ಬರು ಗೆಳತಿಯರು ಆ ನಲಿಕಲಿ ಕೋಣೆಯಲ್ಲೇ ಇದ್ದರು. ಒಂದು ಪಿರಿಯಡ್ಡಿನ ಬೇಸರಕ್ಕೆ ಇಡೀ ದಿನವನ್ನೇ ಬದಲಾಯಿಸುವುದು ನನಗೆ ಸರಿ ಕಾಣಲಿಲ್ಲ. ಬೇರೆ ಮನೆಯಲ್ಲಿ, ಬೇರೆ ಮಗುವಿಗೆ, ಇದು ಬೇರೆ ಥರ ತೀರ್ಮಾನ ಆಗಬಹುದು.

ಟೀಚರ್ ಮತ್ತು ನಾನು ಮಾಡಿಕೊಂಡ ಏರ್ಪಾಡು ಬಹಳ ಸಣ್ಣದು. ನೂರು ಪುಟದ ಒಂದು ನೋಟ್‌ಬುಕ್. ಸೋಮವಾರ ಅದರಲ್ಲಿ ಒಂದು ಲೆಕ್ಕ ಇರುತ್ತದೆ, ಒಂದೇ ಒಂದು. ಬರೆಯುವುದು ನಾನು, ಕೆಲವು ಸಲ ಟೀಚರ್. ಕಾರ್ಡಿನ ಕೆಲಸ ಮುಗಿದ ಮೇಲೆ ಅವಳು ಅದನ್ನು ತೆಗೆದು ಕೂರಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಅದು ಮುಂದಿನ ಕ್ಲಾಸಿನ ಲೆಕ್ಕ ಆಗಿರಬಾರದು, ಇದೇ ಕ್ಲಾಸಿನ ಕೂಡು-ಕಳೆಯಲ್ಲೇ ಆಳಕ್ಕೆ ಇಳಿಯುವ ಲೆಕ್ಕ ಆಗಬೇಕು. ನೋಡಿದ ತಕ್ಷಣ ಉತ್ತರ ಹೊಳೆಯಬಾರದು. ಹೇಗೆ ಯೋಚಿಸಿದೆ ಅಂತ ಎರಡು ಸಾಲು ಕನ್ನಡದಲ್ಲಿ ಬರೆಯಬೇಕು. ಈ ಕೊನೆಯದು ಟೀಚರ್ ಸೇರಿಸಿದ್ದು, ಒತ್ತಕ್ಷರಕ್ಕಾಗಿ. ಶನಿವಾರ ಬೆಳಿಗ್ಗೆ ಅದೇ ಲೆಕ್ಕವನ್ನು ಇಡೀ ಕೋಣೆಗೆ ಕೊಡುವುದೂ ಅವರದೇ ಯೋಚನೆ. "ಒಬ್ಬಳಿಗೇ ಕೊಟ್ಟರೆ ಅವಳು ಒಬ್ಬಳೇ ಆಗ್ತಾಳೆ" ಅಂದರು.

ಲೆಕ್ಕಗಳನ್ನು ಎಲ್ಲಿಂದ ತರುವುದು ಅಂತ ನನಗೆ ದೊಡ್ಡ ಚಿಂತೆ ಇತ್ತು. ಮೊದಲನೆಯದು ನಮ್ಮ ಅಂಗಳದಲ್ಲೇ ಸಿಕ್ಕಿತು. ಶುಕ್ರವಾರ ನಮ್ಮ ಅತ್ತೆ ಚುಕ್ಕಿ ರಂಗೋಲಿ ಹಾಕುತ್ತಾರೆ. ಅವತ್ತು ನೇರ ಚುಕ್ಕಿ, 7ರಿಂದ 1. ಮಧ್ಯದ ಸಾಲಿನಲ್ಲಿ ಏಳು, ಮೇಲೂ ಕೆಳಗೂ ಐದು, ಮೂರು, ಒಂದು. ಒಟ್ಟು ಎಷ್ಟು ಚುಕ್ಕಿ ಅಂತ ಬರೆದೆ. 25 ಅಂತ ಒಂದು ನಿಮಿಷದಲ್ಲಿ ಹೇಳಿದಳು. ಹಾಗಾದರೆ 3ರಿಂದ 1, 5ರಿಂದ 1, 9ರಿಂದ 1 ಹಾಕಿದರೆ? 5, 13, 41. ಈ ಸಂಖ್ಯೆಗಳಲ್ಲಿ ಏನಿದೆ, ಕಂಡುಹಿಡಿ. ಅಲ್ಲಿ ನಿಂತಳು. ಮೂರು ದಿನ ನಿಂತಳು. ನಾಲ್ಕನೇ ದಿನ ಅಂಗಳದಲ್ಲಿ ಅಜ್ಜಿ ಚುಕ್ಕಿ ಇಡುತ್ತಿದ್ದಾಗ ಇವಳು ಕಟ್ಟೆಯ ಮೇಲೆ ಅಡ್ಡ ಮಲಗಿದ್ದಳು, ತಲೆ ಓರೆ ಮಾಡಿಕೊಂಡು. ಇದ್ದಕ್ಕಿದ್ದ ಹಾಗೆ ಎದ್ದು ಕೂತು, "ಅಜ್ಜಿ, ಓರೆಯಾಗಿ ನೋಡಿದ್ರೆ ಸಾಲು ಬೇರೆ!" ಅಂದಳು. ನಿಜ. ಓರೆಯಾಗಿ ನೋಡಿದರೆ ನಾಲ್ಕು, ಮೂರು, ನಾಲ್ಕು, ಮೂರು, ನಾಲ್ಕು, ಮೂರು, ನಾಲ್ಕು. ಅಂದರೆ ನಾಲ್ಕರ ನಾಲ್ಕು ಸಾಲು 16, ಮೂರರ ಮೂರು ಸಾಲು 9. ಎರಡು ಚೌಕಗಳು ಒಂದರೊಳಗೆ ಒಂದು ಕೂತಿವೆ. 41 ಅಂದರೆ 25 ಮತ್ತು 16. ಅಜ್ಜಿ ರಂಗೋಲಿ ಹಿಟ್ಟಿನ ಕೈಯಲ್ಲೇ ನಿಂತು ನೋಡಿದರು. ಐವತ್ತು ವರ್ಷದಿಂದ ಹಾಕುತ್ತಿರುವ ಚುಕ್ಕಿ. "ಹೌದಲ್ಲೇ ಮಾರಾಯ್ತಿ" ಅಂದರು. ಅವತ್ತು ಬಿಳಿ ಚುಕ್ಕಿಯ ಜೊತೆ ಅರಿಶಿನದ ಚುಕ್ಕಿಯನ್ನೂ ಇಟ್ಟು ಎರಡು ಚೌಕ ಬೇರೆ ಬೇರೆ ಕಾಣುವ ಹಾಗೆ ಮಾಡಿದರು.

ಆಮೇಲೆ ಹುಡುಕುವುದು ಹೇಗೆ ಅಂತ ಗೊತ್ತಾಯಿತು. ದ. ರಾ. ಕಾಪ್ರೇಕರ್ ಅಂತ ಒಬ್ಬರಿದ್ದರು, ಮಹಾರಾಷ್ಟ್ರದ ನಾಸಿಕ್ ಹತ್ತಿರ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರು. ಅವರು 1949ರಲ್ಲಿ ಕಂಡುಹಿಡಿದ ಒಂದು ಚಂದದ ವಿಷಯ ಇದೆ. ಯಾವುದೇ ನಾಲ್ಕು ಅಂಕಿಯ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಒಂದೇ ಅಂಕಿ ಆಗಿರಬಾರದು ಅಷ್ಟೇ. ಅಂಕಿಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಬರೆಯಿರಿ, ಸಣ್ಣದರಿಂದ ದೊಡ್ಡದಕ್ಕೆ ಬರೆಯಿರಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹೀಗೇ ಮಾಡಿ. ನಮ್ಮ ಬಸ್ಸಿನ ಕೆಎ-14ರ ಮುಂದೆ 3524 ಅಂತ ಇದ್ದರೆ, 5432ರಿಂದ 2345 ಕಳೆದರೆ 3087. 8730ರಿಂದ 0378 ಕಳೆದರೆ 8352. 8532ರಿಂದ 2358 ಕಳೆದರೆ 6174. ಇನ್ನು ಅದು ಅಲ್ಲಾಡುವುದಿಲ್ಲ, 6174 ಅಲ್ಲೇ ನಿಲ್ಲುತ್ತದೆ. ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಸಲಕ್ಕೆ ಅಲ್ಲಿಗೇ ಬರುತ್ತೀರಿ. ಆ ಶನಿವಾರ ಮೂರನೇ ಕ್ಲಾಸಿನ ಮಕ್ಕಳೆಲ್ಲಾ ತಮ್ಮ ತಮ್ಮ ಮನೆಯ ಬೈಕು, ಜೀಪಿನ ನಂಬರು ಬರೆದುಕೊಂಡು ಬಂದಿದ್ದರಂತೆ. ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಅಂದರೆ ಮುಖ ಸಿಂಡರಿಸುತ್ತಿದ್ದ ಮಕ್ಕಳು ಒಂದು ಗಂಟೆ ತಾವಾಗಿಯೇ ಕಳೆಯುತ್ತಾ ಕೂತಿದ್ದರು ಅಂತ ಟೀಚರ್ ಹೇಳಿದರು. ಪುಟ್ಟಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅವರು ಶಾಲೆಯ ಮೇಷ್ಟ್ರು ಅನ್ನುವುದು.

ಹಳೆಯ ಕಾಲದ ಗಣಿತಜ್ಞ ಮಹಾವೀರಾಚಾರ್ಯರ ಗುಣಾಕಾರಗಳೂ ಬಂದವು. ಒಂಬತ್ತನೇ ಶತಮಾನ, ನಮ್ಮದೇ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲ. ಹಾರದ ಹಾಗೆ ಎರಡು ಕಡೆಯಿಂದಲೂ ಒಂದೇ ಥರ ಓದುವ ಗುಣಲಬ್ಧಗಳನ್ನು ಅವರು ಕೊಟ್ಟಿದ್ದಾರೆ. 139ನ್ನು 109ರಿಂದ ಗುಣಿಸಿದರೆ 15151. ಇನ್ನು ಮಳೆಗಾಲದಲ್ಲಿ ಚೆನ್ನೆಮಣೆ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಳು, 56. ಯಾವ ಗುಳಿಯಿಂದ ಎತ್ತಿದರೆ ಜಾಸ್ತಿ ಸಿಗುತ್ತದೆ ಅನ್ನುವ ಲೆಕ್ಕವನ್ನು ಶನಿವಾರ ಮೊದಲು ಬಿಡಿಸಿದ್ದು ನಮ್ಮವಳಲ್ಲ. ಓದುವುದಕ್ಕೆ ಇನ್ನೂ ತಡವರಿಸುವ ಒಬ್ಬ ಹುಡುಗ, ಅವನ ಅಮ್ಮ ನಮ್ಮ ಅಂಗಳಕ್ಕೇ ಅಡಿಕೆ ಸುಲಿಯಲು ಬರುತ್ತಾರೆ. ಮನೆಯಲ್ಲಿ ದಿನಾ ಅಜ್ಜನ ಜೊತೆ ಆಡುತ್ತಾನಂತೆ. ಅವತ್ತು ಪುಟ್ಟಿ ಅವನ ಪಕ್ಕ ಕೂತು "ಹೇಗೋ ಅದು, ತೋರ್ಸೋ" ಅಂತ ಕೇಳಿದಳು ಅಂತ ಗೊತ್ತಾದಾಗ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಎನ್‌ರಿಚ್ ಅನ್ನುವ ವೆಬ್‌ಸೈಟ್ ಇದೆ, ಎಲ್ಲಾ ಉಚಿತ. ರಾತ್ರಿ ಅದನ್ನು ಓದಿ, ಅಲ್ಲಿಯ ಸೇಬು ತೆಗೆದು ನಮ್ಮ ನೇರಳೆ ಹಣ್ಣು ಹಾಕಿ ಕನ್ನಡದಲ್ಲಿ ಬರೆಯುತ್ತೇನೆ.

ಈಗ ಚದುರಂಗದ ಹಲಗೆಯ ಕಥೆ. ಮೂರನೇ ಕ್ಲಾಸಿನ ಜುಲೈ. ಪುಷ್ಯ ಮಳೆ ಜಡಿ ಹಿಡಿದು ಶಾಲೆಗೆ ಮತ್ತೆ ಮತ್ತೆ ರಜೆ ಕೊಟ್ಟಿದ್ದರು, ಕರೆಂಟೂ ಇರಲಿಲ್ಲ. ಮನೆಯಲ್ಲಿ ಹಳೆಯ ಚೆಸ್ ಬೋರ್ಡ್ ಇತ್ತು. ಒಟ್ಟು 64 ಮನೆ. ಓರೆಯಾಗಿ ಎದುರುಬದುರು ಇರುವ ಎರಡು ಮೂಲೆಯ ಮನೆಗಳನ್ನು ಮುಚ್ಚಿದರೆ ಉಳಿಯುವುದು 62. ಎರಡು ಮನೆ ಮುಚ್ಚುವಂಥ 31 ಪಟ್ಟಿಗಳಿಂದ ಇಡೀ ಹಲಗೆಯನ್ನು ತುಂಬಲು ಆಗುತ್ತದಾ? ಮ್ಯಾಕ್ಸ್ ಬ್ಲ್ಯಾಕ್ ಎಂಬ ತತ್ವಶಾಸ್ತ್ರಜ್ಞ 1946ರಲ್ಲಿ ಮುಂದಿಟ್ಟ ಲೆಕ್ಕ ಇದು.

ಅಜ್ಜಿ ಅಡಿಕೆ ಹಾಳೆ ನೆನೆಸಿ ಕೊಟ್ಟರು. ಇಬ್ಬರೂ ಕೂತು ಕತ್ತರಿಯಲ್ಲಿ 31 ಪಟ್ಟಿ ಕತ್ತರಿಸಿದರು. ಮುಚ್ಚಿದ್ದು ಎರಡು ಬಿಳಿ ಮೂಲೆ, ಅದರ ಮೇಲೆ ಒಂದೊಂದು ಗೋಟಡಿಕೆ. ಪುಟ್ಟಿಗೆ ಅನುಮಾನವೇ ಇರಲಿಲ್ಲ. 62 ಸಮಸಂಖ್ಯೆ, ಅರ್ಧ 31, ಆಗಲೇಬೇಕಲ್ವಾ? ಜೋಡಿಸಿದಳು. ಕೊನೆಗೆ ಎರಡು ಮನೆ ಉಳಿದವು, ಒಂದು ಅಲ್ಲಿ, ಇನ್ನೊಂದು ಇಲ್ಲಿ. ಮತ್ತೆ ಜೋಡಿಸಿದಳು. ಸಂಜೆವರೆಗೆ ಜೋಡಿಸಿದಳು. ಮರುದಿನವೂ. ಮೂರನೇ ದಿನ ಪಟ್ಟಿಗಳನ್ನೆಲ್ಲಾ ಕೈಯಿಂದ ಚೆಲ್ಲಿಬಿಟ್ಟು ಅತ್ತಳು. ಇದುವರೆಗೆ ಬಾರದ ಲೆಕ್ಕ ಅಂತ ಅವಳಿಗೆ ಒಂದೂ ಸಿಕ್ಕಿರಲಿಲ್ಲ. "ನನಗೆ ಲೆಕ್ಕ ಬರಲ್ಲ" ಅಂದಳು. ಯಾರು, ಇವಳು!

"ಪಾಪ ಮಗು, ಹೇಳಿಬಿಡೇ ಮಾರಾಯ್ತಿ" ಅಂದರು ಅತ್ತೆ. ಇವರೂ ರಾತ್ರಿ ಅದನ್ನೇ ಹೇಳಿದರು. ನನಗೂ ಬಾಯಿ ತುದಿವರೆಗೆ ಬಂದಿತ್ತು. ಹೇಳಲಿಲ್ಲ. ಯಾಕೆ ಅಂದರೆ, ನನ್ನ ಜೊತೆ ಓದಿದ ಒಬ್ಬ ಹುಡುಗನ ನೆನಪು. ಎಸ್‌ಎಸ್‌ಎಲ್‌ಸಿವರೆಗೆ ಎಲ್ಲದಕ್ಕೂ ಅವನೇ ಫಸ್ಟ್, ಮನೆಯಲ್ಲಿ ಪುಸ್ತಕ ತೆಗೆದವನೇ ಅಲ್ಲ. ಪಿಯುಸಿ ಸೈನ್ಸ್‌ನಲ್ಲಿ ಮೊದಲ ಸಲ ಒಂದು ಲೆಕ್ಕ ಅರ್ಥ ಆಗಲಿಲ್ಲ. ಅರ್ಥ ಆಗದಿದ್ದಾಗ ಏನು ಮಾಡಬೇಕು ಅಂತ ಅವನಿಗೆ ಗೊತ್ತೇ ಇರಲಿಲ್ಲ. ಬೇರೆಯವರು ಅದನ್ನು ಎರಡನೇ ಕ್ಲಾಸಿನಿಂದಲೇ ಕಲಿತುಕೊಂಡು ಬಂದಿದ್ದರು. ಡಿಸೆಂಬರ್‌ಗೆ ಕಾಲೇಜು ಬಿಟ್ಟ. ಈ ಭಯ ನನ್ನ ಮನಸ್ಸಿನಲ್ಲಿ ಯಾವಾಗಲೂ ಇದೆ. ಹಾಗಾಗಿ ಹಾಲು ಕುಡಿಸಿ, ಪಕ್ಕದಲ್ಲಿ ಮಲಗಿಸಿಕೊಂಡು, ಇದು ನಿಜಕ್ಕೂ ಕಷ್ಟದ್ದು ಪುಟ್ಟಿ, ದೊಡ್ಡವರೂ ಹೀಗೇ ಒದ್ದಾಡಿದ್ದಾರೆ ಅಂತ ಮಾತ್ರ ಹೇಳಿದೆ. ಎರಡು ದಿನ ಅದರ ಕಡೆ ನೋಡಲಿಲ್ಲ. ನಾನೂ ಎತ್ತಲಿಲ್ಲ. ಪಟ್ಟಿಗಳು ಡಬ್ಬಿಯಲ್ಲಿ ಇದ್ದವು.

ಆರನೇ ದಿನ ಅವಳೇ ತೆಗೆದಳು. ಈ ಸಲ ಸಣ್ಣ ಹಲಗೆ ಮಾಡಿಕೊಂಡಿದ್ದಳು, ನಾಲ್ಕು ಮನೆ ಅಗಲ, ನಾಲ್ಕು ಮನೆ ಉದ್ದ, ಸ್ಲೇಟಿನ ಮೇಲೆ ಬರೆದು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಲ್ಲೂ ಆಗಲಿಲ್ಲ. ಎಂಟನೇ ದಿನ ನೋಟ್‌ಬುಕ್ಕಿನಲ್ಲಿ ಒಂದು ಸಾಲು, ಒತ್ತಕ್ಷರ ತಪ್ಪುಗಳ ಸಮೇತ: ಕೊನೆಗೆ ಉಳಿಯೋದು ಯಾವಾಗಲೂ ಕಪ್ಪು ಮನೆ. ಒಂಬತ್ತನೇ ದಿನ ಬೆಳಿಗ್ಗೆ ನಾನು ಒಲೆ ಮುಂದೆ ಇದ್ದೆ. ಬಾಗಿಲಲ್ಲಿ ಬಂದು ನಿಂತಳು, ಕೈಯಲ್ಲಿ ಒಂದು ಹಾಳೆ ಪಟ್ಟಿ.

"ಅಮ್ಮ, ಇದನ್ನ ಹೇಗೆ ಇಟ್ರೂ ಒಂದು ಕಪ್ಪು ಒಂದು ಬಿಳಿ ಮುಚ್ಚುತ್ತೆ. ಅಡಿಕೆ ಇಟ್ಟಿದ್ದು ಎರಡೂ ಬಿಳಿ ಮೇಲೆ. ಬಿಳಿ ಮೂವತ್ತೇ ಇರೋದು, ಕಪ್ಪು ಮೂವತ್ತೆರಡು. ಅದಕ್ಕೇ ಆಗಲ್ಲ. ನನಗೆ ಮಾತ್ರ ಅಲ್ಲ ಅಮ್ಮ, ಯಾರಿಗೂ ಆಗಲ್ಲ!"

ದೋಸೆ ಕಾವಲಿಯ ಮೇಲೇ ಕರಕಲಾಯಿತು. ನಾನು ಅವಳನ್ನು ಎತ್ತಿಕೊಂಡು ಅತ್ತುಬಿಟ್ಟೆ. "ಬರಲ್ಲ" ಅನ್ನುವುದಕ್ಕೂ "ಆಗಲ್ಲ" ಅನ್ನುವುದಕ್ಕೂ ಎಷ್ಟು ದೂರ ಇದೆ, ಆ ದೂರವನ್ನು ಎಂಟು ವರ್ಷದ ಮಗು ಒಂಬತ್ತು ದಿನ ನಡೆದು ಬಂದಿತ್ತು, ಯಾರೂ ಎತ್ತಿಕೊಳ್ಳದೆ.

ಪರೀಕ್ಷೆಗಳ ವಿಷಯ ಜನ ಕೇಳುತ್ತಲೇ ಇರುತ್ತಾರೆ, ಬೇಗ ಹೇಳಿ ಮುಗಿಸುತ್ತೇನೆ. ಗಾಜನೂರಿನ ನವೋದಯಕ್ಕೆ ಐದನೇ ಕ್ಲಾಸಿನಲ್ಲಿರುವಾಗ ಪರೀಕ್ಷೆ. ಎರಡು ಗಂಟೆಯಲ್ಲಿ 80 ಪ್ರಶ್ನೆ, ಅಂದರೆ ಒಂದಕ್ಕೆ ಒಂದೂವರೆ ನಿಮಿಷ. ಮನಸ್ಸಿದ್ದರೆ ಬರೆಯುತ್ತಾಳೆ, ಅದಕ್ಕಾಗಿ ಮೂರನೇ ಕ್ಲಾಸಿನಿಂದ ಕೋಚಿಂಗ್ ಮಾತ್ರ ಬೇಡ. ಒಂಬತ್ತು ದಿನ ಒಂದೇ ಲೆಕ್ಕದ ಜೊತೆ ಕೂರುವ ಮಗುವಿಗೆ ಈಗಲೇ ಗಡಿಯಾರ ತೋರಿಸಲು ನನಗೆ ಇಷ್ಟ ಇಲ್ಲ. ಒಲಿಂಪಿಯಾಡ್ ಅಂತ ಫೀಸು ಕಟ್ಟಿಸಿಕೊಂಡು ಪುಟ್ಟ ಮಕ್ಕಳಿಗೆ ಮಾಡುವ ಪರೀಕ್ಷೆಗಳು ಬೇಕಾದಷ್ಟಿವೆ. ದೇಶದ ತಂಡವನ್ನು ಆರಿಸುವ ನಿಜವಾದ ಗಣಿತ ಒಲಿಂಪಿಯಾಡಿನ ಮೊದಲ ಹಂತ ಎಂಟನೇ ಕ್ಲಾಸಿನಿಂದ ಮೇಲಿನವರಿಗೆ. ಇನ್ನೂ ಬಹಳ ದಿನ ಇದೆ.

ಈ ಜೂನ್‌ನಿಂದ ಅವಳು ನಾಲ್ಕನೇ ಕ್ಲಾಸು. ನಲಿಕಲಿ ಮುಗಿಯಿತು, ಇನ್ನು ಏಣಿ ಇಲ್ಲ, ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ. ಮೇಷ್ಟ್ರೂ ಬೇರೆ. ನಲಿಕಲಿ ಟೀಚರ್ ಈ ಹೊಸ ಮೇಷ್ಟ್ರ ಹತ್ತಿರ ಮೊದಲೇ ಮಾತಾಡಿದ್ದಾರೆ. ಶನಿವಾರದ ಲೆಕ್ಕವನ್ನು ನಾಲ್ಕು, ಐದು ಎರಡೂ ಕ್ಲಾಸಿಗೆ ಸೇರಿಸಿ ಮಾಡೋಣ ಅಂತ ಅವರು ಒಪ್ಪಿದ್ದಾರಂತೆ. ಮೊದಲ ವಾರವೇ ಹೋಗಿ ಕಾಣಬೇಕು, ಸಿಟ್ಟು ಮಾಡಿಕೊಳ್ಳದೆ, ಮೂರು ನೋಟ್‌ಬುಕ್ಕುಗಳನ್ನೂ ತೆಗೆದುಕೊಂಡು.

ನಾಲ್ಕನೆಯದರಲ್ಲಿ ಒಂದೇ ಪುಟ ತುಂಬಿದೆ. ಈ ಸಲದ ಪ್ರಶ್ನೆ ನಾನು ಬರೆದಿದ್ದಲ್ಲ, ಟೀಚರೂ ಅಲ್ಲ. ಚೆಸ್ ಬೋರ್ಡಿನಲ್ಲಿ ಒಂದು ಬಿಳಿ ಮನೆ, ಒಂದು ಕಪ್ಪು ಮನೆ ಮುಚ್ಚಿದರೆ, ಎಲ್ಲಿ ಮುಚ್ಚಿದರೂ, ಉಳಿದಿದ್ದನ್ನು ಪಟ್ಟಿಯಿಂದ ತುಂಬಲು ಯಾವಾಗಲೂ ಆಗುತ್ತದಾ? ಅವಳೇ ಬರೆದುಕೊಂಡಿದ್ದಾಳೆ, "ಯಾವಾಗಲೂ" ಅನ್ನುವುದರ ಕೆಳಗೆ ಎರಡು ಗೆರೆ ಎಳೆದು. ನಾನು ಹುಡುಕಿ ನೋಡಿದೆ. ಇದನ್ನು ರಾಲ್ಫ್ ಗೊಮೊರಿ ಎಂಬ ಗಣಿತಜ್ಞ ಬಿಡಿಸಿದ್ದಾರೆ, ಉತ್ತರ ಬಹಳ ಸೊಗಸಾಗಿದೆ. ಅವಳಿಗೆ ಹೇಳಿಲ್ಲ. ಹೋದ ವರ್ಷದ ಪಟ್ಟಿಗಳು ಒಣಗಿ ಸೊಟ್ಟಗಾಗಿವೆ, ಹಲಗೆಯ ಮೇಲೆ ಕೂರುವುದಿಲ್ಲ. ಅಜ್ಜಿ ನಿನ್ನೆ ರಾತ್ರಿ ಒಂದು ಹೊಸ ಹಾಳೆ ನೆನೆಸಿಟ್ಟಿದ್ದಾರೆ.